ಹಸಿಯೋ ಒಣವೋ

ಬೆಳಗ್ಗೆ ಗಾಡಿ ಹಾಡಿಕೊಂಡು ಬಂತು.
ಇಳಿಯುವ ಮೊದಲೇ ಓಬಳಮ್ಮ ಕೈ ಅಡ್ಡ ಹಿಡಿದಳು:
'ಹಾಸಿಗೆ ನಾ ಮುಟ್ಟಾಕಿಲ್ಲ ಕಣಕ್ಕ.
ಹಸೀದು ಹಸಿರು ಡಬ್ಬಿಗೆ, ಒಣಗಿದ್ದು ನೀಲಿಗೆ.
ನಿಂದು ಯಾವುದು, ನೀನೇ ಹೇಳು.'

ಯೋಚಿಸಿದೆ.
ಹದಿನೇಳು ವರ್ಷದ ಹಾಸಿಗೆ.
ಎರಡು ಮಕ್ಕಳು ಸರದಿಯಲ್ಲಿ ಉಚ್ಚೆ ಹೊಯ್ದದ್ದು,
ಡೆಂಗಿಯಲ್ಲಿ ನಾನು ಒಂಬತ್ತು ದಿನ ಬೆವರಿದ್ದು,
ಕಷಾಯ ಚೆಲ್ಲಿ ಭೂಪಟದ ಹಾಗೆ ಕಲೆ ಹರಡಿದ್ದು.
ಒಣಗಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ಗುಜರಿ ಸೆಲ್ವಂ ತಕ್ಕಡಿಯ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ.
'ಕಬ್ಬಿಣ ತನ್ನಿ, ತಾಮ್ರ ತನ್ನಿ, ಪೇಪರ್ ತನ್ನಿ.
ಮಲಗಿದ್ದನ್ನ ತರಬೇಡಿ.'

ವಾರ್ಡ್ ಆಫೀಸಿಗೆ ಫೋನ್ ಮಾಡಿದೆ.
ಎತ್ತಿದವರು ಒಬ್ಬರು, ಮಾತಾಡಿದವರು ಇನ್ನೊಬ್ಬರು:
'ದೊಡ್ಡ ಸಾಮಾನಾ? ಕೊನೇ ಶನಿವಾರ ಬೇರೆ ಲಾರಿ ಬರುತ್ತೆ.
ಮನೆ ಮುಂದೆ ಇಡಿ.
ಶುಕ್ರವಾರವೇ ಇಟ್ಟರೆ ದಂಡ.
ಭಾನುವಾರದವರೆಗೂ ಇದ್ದರೆ ದಂಡ.'
ಲಾರಿ ಬರದಿದ್ದರೆ?
'ಒಳಗೆ ಎಳ್ಕೊಳಿ ಮೇಡಂ, ನಿಮ್ದೇ ಅಲ್ವಾ.'

ರಾತ್ರಿ ಒಂದೂವರೆ.
ಇವರು ತಲೆಕಡೆ, ನಾನು ಕಾಲುಕಡೆ.
ಹೆಣ ಹೊತ್ತವರೂ ಇಷ್ಟು ಮೆತ್ತಗೆ ನಡೆಯುವುದಿಲ್ಲ.
ಸ್ಕೂಲಿಗೆ ಹೋಗಲ್ಲ ಅನ್ನುವ ಮಗುವಿನ ಹಾಗೆ
ಹಾಸಿಗೆ ನಡುವಿನಲ್ಲಿ ಮೈ ಬಿಡುತ್ತದೆ.
ಬೀದಿಯ ನಾಯಿ ಒಂದೇ ಸಲ ಬೊಗಳಿ
ಗುರುತು ಹಿಡಿದು ನಾಚಿಕೆಯಿಂದ ಸುಮ್ಮನಾಯಿತು.
ನಾಚಿಕೆ ಅದರದೋ ನಮ್ಮದೋ.

ಟ್ರಾನ್ಸ್‌ಫಾರ್ಮರ್ ಮೂಲೆಯಲ್ಲಿ ಆಗಲೇ ಯಾರೋ.
ಗುರುಪಾದಪ್ಪನವರು!
ಎಚ್‌ಎಂಟಿಯಲ್ಲಿ ಮೂವತ್ತು ವರ್ಷ
ಕೈಗಡಿಯಾರಕ್ಕೆ ಮುಳ್ಳು ಕೂರಿಸಿದವರು,
ಎದೆಗೆ ಅವುಚಿಕೊಂಡಿದ್ದಾರೆ ಒಂದು ಕಮೋಡು.
ಗುಲಾಬಿ ಬಣ್ಣದ್ದು.
'ವಾಕಿಂಗಾ?' ಅಂದರು.
'ಹೂಂ. ನೀವು?' ಅಂದರು ಇವರು.
'ಯಾಕೋ ನಿದ್ದೆ ಬರಲಿಲ್ಲ.'
ಮಾತಾಡುತ್ತ ಅವರು ನೋಡಿದ್ದು ಹಾಸಿಗೆಯನ್ನು.

ಆಮೇಲೆ ಮೂವರೂ ನೆಲ ನೋಡಿದೆವು.
ನಿನ್ನೆವರೆಗೆ ಕೋಳಿಪುಕ್ಕ, ಒಡೆದ ಟೈಲ್ಸು,
ಯಾರದೋ ಗಣೇಶನ ಥರ್ಮೋಕೋಲ್ ಮಂಟಪ ಇದ್ದಲ್ಲಿ
ಗುಡಿಸಿ, ನೀರು ಚಿಮುಕಿಸಿ
ರಂಗೋಲಿ ಬಿಟ್ಟಿದ್ದಾರೆ.
ಹದಿನೈದರಿಂದ ಎಂಟಕ್ಕೆ ಚುಕ್ಕಿ.
ಒಂದು ಕಡೆ ಎಳೆ ತಪ್ಪಿ, ಬೆರಳಲ್ಲಿ ಒರೆಸಿ, ಮತ್ತೆ ಎಳೆದಿದ್ದಾರೆ.

ಕ್ಯಾಮೆರಾ ಇದ್ದಿದ್ದರೆ ಸೆರಗು ಹೊದೆಯಬಹುದಿತ್ತು.
ಮಾರ್ಷಲ್ ಇದ್ದಿದ್ದರೆ ಜಗಳ ತೆಗೆಯಬಹುದಿತ್ತು,
ನಾವೂ ತೆರಿಗೆ ಕಟ್ಟುತ್ತೇವೆ ಎಂದು.
ಒರೆಸಿ ತಿದ್ದಿದ ಆ ಒಂದು ಎಳೆಗೆ
ಏನು ಹೇಳುವುದು?

'ಕಾರ್ಪೊರೇಷನ್ನಿನವರು ಮೋಸ ಮಾಡಿಬಿಟ್ಟರು,'
ಅಂದರು ಗುರುಪಾದಪ್ಪ, ನಿಜಕ್ಕೂ ನೊಂದು.
ವಾಪಸು ಬರುವಾಗ ಕೈ ಸೋತು
'ಸ್ವಲ್ಪ ಇಳಿಸಿಕೊಳ್ಳಲಾ?' ಅಂದರು.
ನಮ್ಮ ಹಾಸಿಗೆಯ ಮೇಲೆ ಅವರ ಕಮೋಡು,
ಎಂಟನೇ ಅಡ್ಡರಸ್ತೆಯ ತುಂಬಾ ಬೀದಿದೀಪ.
ನಾನು ನಗಲಿಲ್ಲ. ಮನೆ ಮುಟ್ಟುವವರೆಗೂ ನಗಲಿಲ್ಲ.

ಬೆಳಗ್ಗೆ ಓಬಳಮ್ಮನ ಉಗುರ ಸಂದಿಯಲ್ಲಿ ಬಿಳಿ ಪುಡಿ.
ಹಾಸಿಗೆಯ ಮಾತು ಅವಳೂ ಎತ್ತಲಿಲ್ಲ, ನಾನೂ.
ಹೋಗುವಾಗ ಮಾತ್ರ
'ಯಶವಂತಪುರದಾಗೆ ದಸ್ತಗೀರ್ ಅಂತ ಅವ್ನೆ, ಅರಳೆ ಹಿಂಜೋನು'
ಎಂದು ಗಾಳಿಗೆ ಹೇಳಿದಳು.

ದಸ್ತಗೀರ್ ಹೊಲಿಗೆ ಬಿಚ್ಚಿ, ಕೈ ಒಳಗೆ ತೂರಿಸಿ, ಮೂಸಿದ.
'ಬಟ್ಟೆ ಸತ್ತಿದೆ. ಅರಳೆಗೆ ಇನ್ನೂ ಜೀವ ಇದೆ.'
ಕಳೆದ ಓಲೆ ಸಿಗಲಿಲ್ಲ, ನಾಲ್ಕಾಣೆ ಸಿಗಲಿಲ್ಲ,
ಹದಿನೇಳು ವರ್ಷಕ್ಕೆ ಸಿಕ್ಕಿದ್ದು ಒಂದು ಮೊರ ಧೂಳು.
ಉಳಿದದ್ದಕ್ಕೆ ಐದು ದಿಂಬು ಆಯಿತು.
ಬಟ್ಟೆಯನ್ನು ಎರಡು ನೀರಲ್ಲಿ ಒಗೆದು
ಟೆರೇಸಿನ ತಂತಿಗೆ ಹಾಕಿ, ಮುಟ್ಟಿ ನೋಡಿ,
ನೀಲಿ ಡಬ್ಬಿಗೆ ಕೊಟ್ಟೆ.

ಗುರುಪಾದಪ್ಪನವರ ಶನಿವಾರದ ಲಾರಿ ಇನ್ನೂ ಬಂದಿಲ್ಲ.
ಕಮೋಡಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದಾರೆ,
ಸೊಂಪಾಗಿ ಬಂದಿದೆ.
'ಮಕ್ಕಳಿಗೆ ಕೆಮ್ಮಾದರೆ ಸಂಕೋಚ ಪಡಬೇಡಿ,
ಎರಡು ಎಲೆ ಕಿತ್ತುಕೊಳ್ಳಿ' ಅನ್ನುತ್ತಾರೆ.

ಕೆಮ್ಮು ಇದೆ.
ಇನ್ನೂ ಕಿತ್ತಿಲ್ಲ.